ಬ್ಯಾಕ್‌ಲಾಗ್ ಸೊನ್ನೆ, ಆದರೂ ಫೈಲ್ ಬಂದಿಲ್ಲ

ನಮ್ಮ ಬೆಂಗಳೂರು ಆಫೀಸಿನಲ್ಲಿ ಒಂದು ಫೈಲ್ ಸರ್ವರ್ ಇದೆ, ಹುಬ್ಬಳ್ಳಿ ಬ್ರಾಂಚಿನಲ್ಲಿ ಇನ್ನೊಂದು. ಎರಡೂ ವಿಂಡೋಸ್, ನಡುವೆ ಡಿಎಫ್ಎಸ್ ರೆಪ್ಲಿಕೇಶನ್ (ಡಿಎಫ್ಎಸ್ಆರ್), ಅಂದರೆ ಎರಡು ಕಡೆಯ ಫೋಲ್ಡರನ್ನು ಒಂದೇ ಥರ ಇಡುವ ವಿಂಡೋಸ್ ಸೇವೆ. ಇಲ್ಲಿ ಡ್ರಾಯಿಂಗ್ ಸೇವ್ ಮಾಡಿದರೆ ಅಲ್ಲೂ ಕಾಣಿಸಬೇಕು, ಅಷ್ಟೇ. ಒಂದು ಸೋಮವಾರ ಬೆಳಗ್ಗೆ ಹುಬ್ಬಳ್ಳಿಯಿಂದ ಫೋನ್ ಬಂತು: "ಸರ್, ಶುಕ್ರವಾರದ ಫೈಲ್ ಒಂದೂ ಬಂದಿಲ್ರೀ."

ಎಲ್ಲರ ಹಾಗೆ ನಾನೂ ಮೊದಲು ನೆಟ್‌ವರ್ಕನ್ನೇ ಅನುಮಾನಿಸಿದೆ. ಪಿಂಗ್ ಸರಿ ಇತ್ತು, ಶೇರ್ ತೆರೆಯುತ್ತಿತ್ತು. ಲೈನ್ ಕೊಟ್ಟವರಿಗೆ ಸುಮ್ನೆ ಬೈದಿದ್ದೇ ಬಂತು. ಆಮೇಲೆ, ಇನ್ನೂ ಹೋಗದೆ ಬಾಕಿ ಇರುವ ಫೈಲುಗಳನ್ನು ಎಣಿಸುವ ಡಿಎಫ್ಎಸ್ಆರ್‌ಡಯಾಗ್ ಬ್ಯಾಕ್‌ಲಾಗ್ ಕಮಾಂಡ್ ಓಡಿಸಿದರೆ ಸಾವಿರಾರು ಫೈಲು ಸಾಲಾಗಿ ನಿಂತಿವೆ! (ಇದು ಒಂದು ದಿಕ್ಕಿನ ಲೆಕ್ಕ ಮಾತ್ರ ಕೊಡುತ್ತದೆ. ಕಳಿಸುವ ಸರ್ವರ್, ಪಡೆಯುವ ಸರ್ವರ್ ಹೆಸರು ಅದಲು ಬದಲು ಮಾಡಿ ಇನ್ನೊಮ್ಮೆ ಓಡಿಸಬೇಕು.)

ಇವೆಂಟ್ ಲಾಗಿನಲ್ಲಿ (ವಿಂಡೋಸ್ ತನ್ನ ಸಂದೇಶಗಳನ್ನು ನಂಬರ್ ಹಾಕಿ ಬರೆದಿಡುವ ಜಾಗ) 4202, 4204, ಮತ್ತೆ 4202, ಮತ್ತೆ 4204. ನಡುವೆ ಅಲ್ಲೊಂದು ಇಲ್ಲೊಂದು 4208. ಅಂದರೆ ಸ್ಟೇಜಿಂಗ್ ಜಾಗ ಸಾಲುತ್ತಿಲ್ಲ. ಫೈಲನ್ನು ಕಳಿಸುವ ಮೊದಲು ಡಿಎಫ್ಎಸ್ಆರ್ ಅದನ್ನು ಸ್ಟೇಜಿಂಗ್ ಫೋಲ್ಡರಿನಲ್ಲಿ ಸಿದ್ಧ ಮಾಡಿಕೊಳ್ಳುತ್ತದೆ. ನಾವು ಏನೂ ಬದಲಿಸದಿದ್ದರೆ ಅದರ ಕೋಟಾ 4 ಜಿಬಿ. ಶೇಕಡಾ 90 ತುಂಬಿದ ಕೂಡಲೇ ಹಳೆಯದನ್ನು ಅಳಿಸುತ್ತಾ ಶೇಕಡಾ 60ಕ್ಕೆ ಇಳಿಸುತ್ತದೆ. ನಮ್ಮದು ದೊಡ್ಡ ದೊಡ್ಡ ಡ್ರಾಯಿಂಗ್, ಹಾಗಾಗಿ ಪಾಪ ಅದಕ್ಕೆ ಕಸ ಗುಡಿಸುವುದೇ ಕೆಲಸವಾಗಿತ್ತು. ಫೋಲ್ಡರಿನ ಅತಿ ದೊಡ್ಡ 32 ಫೈಲುಗಳ ಗಾತ್ರ ಕೂಡಿಸಿದರೆ ಎಷ್ಟಾಗುತ್ತೋ ಕನಿಷ್ಠ ಅಷ್ಟು ಕೋಟಾ ಇಡಬೇಕು ಅನ್ನುವುದು ಲೆಕ್ಕ. ನಮಗೆ 21 ಜಿಬಿ ಬಂತು, ನಾನು ಎರಡೂ ಕಡೆ 30 ಇಟ್ಟೆ. ಮರುದಿನ ಬೆಳಗ್ಗೆ ಬ್ಯಾಕ್‌ಲಾಗ್ ಸೊನ್ನೆ.

ಮಧ್ಯಾಹ್ನ ಮತ್ತೆ ಫೋನ್. "ಸರ್, ಎಲ್ಲಾ ಬಂತು, ಸ್ಕ್ಯಾನ್ ಫೋಲ್ಡರಿನ ಪಿಡಿಎಫ್ ಅಷ್ಟ ಬಂದಿಲ್ರೀ."

ತಲೆ ಕೆಟ್ಟಿದ್ದು ಇಲ್ಲಿ. ಸಾಲಿನಲ್ಲಿ ಏನೂ ಇಲ್ಲ, ಲಾಗಿನಲ್ಲಿ ಒಂದು ಎಚ್ಚರಿಕೆಯೂ ಇಲ್ಲ, ಆದರೆ ನೂರಾರು ಪಿಡಿಎಫ್ ಬೆಂಗಳೂರಿನಲ್ಲೇ ಕೂತಿವೆ. ಫಿಲ್ಟರ್ ನೋಡಿದೆ. ಅದು ತಾನಾಗಿ ಬಿಡುವುದು ~ ಗುರುತಿನಿಂದ ಶುರುವಾಗುವ ಹೆಸರು, .ಬಿಎಕೆ ಮತ್ತು .ಟಿಎಂಪಿ ಫೈಲುಗಳನ್ನು ಮಾತ್ರ, ಪಿಡಿಎಫ್ ಅಲ್ಲ. ಪರ್ಮಿಷನ್ ಸರಿ ಇತ್ತು. ಫೋಲ್ಡರನ್ನು ರೆಪ್ಲಿಕೇಶನ್ ಗ್ರೂಪಿನಿಂದ ತೆಗೆದು ಮತ್ತೆ ಸೇರಿಸಿಬಿಡೋಣ ಅಂತಲೂ ಕೈ ಹೋಗಿತ್ತು. ಸದ್ಯ, ಮಾಡಲಿಲ್ಲ. ಹಾಗೆ ಸೇರಿಸಿದಾಗ ಪ್ರೈಮರಿ ಅಂತ ಗುರುತು ಮಾಡಿದ ಸರ್ವರಿನದ್ದೇ ಗೆಲ್ಲುತ್ತದೆ, ಇನ್ನೊಂದರಲ್ಲಿ ಮಾತ್ರ ಇದ್ದ ಫೈಲುಗಳು ಪ್ರೀಎಕ್ಸಿಸ್ಟಿಂಗ್ ಅನ್ನುವ ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತವೆ. ಆಮೇಲೆ ಹುಬ್ಬಳ್ಳಿಯವರಿಗೆ ಏನಂತ ಹೇಳುವುದು?

ಕೊನೆಗೆ ಒಂದು ಪಿಡಿಎಫ್ ಮೇಲೆ, ಫೈಲಿನ ಒಳಗುರುತುಗಳನ್ನು ತೋರಿಸುವ ಕಮಾಂಡ್ ಎಫ್ಎಸ್‌ಯುಟಿಲ್ ಯುಎಸ್ಎನ್ ರೀಡ್‌ಡೇಟಾ ಓಡಿಸಿದೆ. ಆಟ್ರಿಬ್ಯೂಟ್ (ಫೈಲಿನ ಗುರುತು) ಜಾಗದಲ್ಲಿ 0ಎಕ್ಸ್120 ಅಂತ ಬಂತು. ಅದರಲ್ಲಿ 20 ಆರ್ಕೈವ್, ಅದು ಮಾಮೂಲಿ. ಉಳಿದ 100 ಅಂದರೆ ಟೆಂಪರರಿ! ಈ ಗುರುತು ಇರುವ ಫೈಲನ್ನು ಡಿಎಫ್ಎಸ್ಆರ್ ಮುಟ್ಟುವುದೇ ಇಲ್ಲ. ಬ್ಯಾಕ್‌ಲಾಗಿನಲ್ಲಿ ಎಣಿಸುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ, ಯಾಕಂದರೆ ಅದರ ಪ್ರಕಾರ ಅದು ತಪ್ಪೇ ಅಲ್ಲ. ಪ್ರಾಪರ್ಟೀಸ್ ತೆರೆದು ನೋಡಿದರೂ ಈ ಗುರುತು ಕಾಣಿಸುವುದಿಲ್ಲ. ನಮ್ಮ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಟೆಂಪರರಿ ಅಂತ ಫೈಲ್ ಬರೆದು, ಕೆಲಸ ಮುಗಿದ ಮೇಲೆ ಆ ಗುರುತು ತೆಗೆಯದೆ ಹಾಗೇ ಬಿಟ್ಟಿತ್ತು.

ಪವರ್‌ಶೆಲ್‌ನಲ್ಲಿ ನಾಲ್ಕು ಸಾಲು ಬರೆದು ಆ ಒಂದು ಗುರುತನ್ನಷ್ಟೇ ತೆಗೆದೆ. ಮೊದಲು ಒಂದೇ ಫೈಲಿಗೆ. ಟೀ ಕುಡಿದು ಬರುವಷ್ಟರಲ್ಲಿ ಅದು ಹುಬ್ಬಳ್ಳಿಯಲ್ಲಿತ್ತು. ಆಮೇಲೆ ಇಡೀ ಫೋಲ್ಡರಿಗೆ ಓಡಿಸಿದೆ.

ಸಾಫ್ಟ್‌ವೇರಿನವರು "ನೋಡ್ತೀವಿ ಸರ್" ಅಂದು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಪ್ರತಿ ರಾತ್ರಿ 2 ಗಂಟೆಗೆ ಅದೇ ನಾಲ್ಕು ಸಾಲು ಓಡುತ್ತಿದೆ.