ಫೋನ್ ವೇಗವಾಗಲೆಂದು ಆ್ಯಪ್‌ಗಳನ್ನು ಸರಿಸಿ ಮುಚ್ಚಬೇಡಿ

ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪಟ್ಟಿಯನ್ನು ತೆರೆದು ಎಲ್ಲವನ್ನೂ ಸರಿಸಿ ಮುಚ್ಚುವ ಅಭ್ಯಾಸವನ್ನು ಬಿಟ್ಟುಬಿಡಿ. 'ರ‍್ಯಾಮ್ ಕ್ಲೀನರ್' (ಫೋನಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮನ್ನು ಖಾಲಿ ಮಾಡುವ) ಆ್ಯಪ್ ಹಾಕಿಕೊಂಡಿದ್ದರೆ ಅದನ್ನೂ ತೆಗೆದುಹಾಕಿ. ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ನೀವು ಬಿಟ್ಟುಬಂದ ಆ್ಯಪನ್ನು ಮೆಮೊರಿಯಲ್ಲಿ ಸಾಮಾನ್ಯವಾಗಿ ನಿದ್ರಿಸುವ ಸ್ಥಿತಿಯಲ್ಲಿ ಇರಿಸಿಕೊಂಡು, ಜಾಗ ಸಾಲದಾದಾಗ ತಾನೇ ಹೊರಹಾಕುತ್ತದೆ. ಆಂಡ್ರಾಯ್ಡ್ 14ರಲ್ಲಂತೂ ಹೀಗೆ ಹಿನ್ನೆಲೆಗೆ ಸರಿದ ಆ್ಯಪ್‌ಗೆ ಕೆಲವೇ ಸೆಕೆಂಡುಗಳ ನಂತರ ಪ್ರೊಸೆಸರ್ ಸಮಯವೇ ಸಿಗದು. ಹಾಗಾಗಿ ರ‍್ಯಾಮ್ ಬಹುಪಾಲು ತುಂಬಿದಂತೆ ಕಾಣುವುದು ದೋಷವಲ್ಲ, ಖಾಲಿ ಬಿದ್ದ ರ‍್ಯಾಮ್‌ನಿಂದ ಪ್ರಯೋಜನವೂ ಇಲ್ಲ. ಮುಚ್ಚಿದ ವಾಟ್ಸ್ಆ್ಯಪನ್ನು ಮತ್ತೆ ಒತ್ತಿದಾಗ ಅದು ಮೊದಲಿನಿಂದ ಲೋಡ್ ಆಗಬೇಕಾಗುವುದರಿಂದ, ಹಿಡಿಯುವ ಸಮಯವೂ ಖರ್ಚಾಗುವ ಬ್ಯಾಟರಿಯೂ ಎರಡೂ ಹೆಚ್ಚು. ಆ್ಯಪ್ ಸ್ಪಂದಿಸದಿದ್ದಾಗ ಮಾತ್ರ ಅದನ್ನು ಮುಚ್ಚಿ ಎಂಬುದು ಆ್ಯಪಲ್ ಸಂಸ್ಥೆಯದೇ ಸಲಹೆ. ಈ ಮಾತು ಎಲ್ಲ ಕಡೆಯೂ ಒಂದೇ ರೀತಿ ಅನ್ವಯಿಸುವುದಿಲ್ಲ: ದಾರಿ ತೋರಿಸುತ್ತಿರುವ ಮ್ಯಾಪ್, ಹಾಡು ನುಡಿಸುತ್ತಿರುವ ಆ್ಯಪ್ ಇವು ನಿದ್ರಿಸುವುದಿಲ್ಲವಾದ್ದರಿಂದ ಕೆಲಸ ಮುಗಿದ ಮೇಲೆ ನಿಲ್ಲಿಸಲೇಬೇಕು. 2 ಅಥವಾ 3 ಜಿಬಿ ರ‍್ಯಾಮ್‌ನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಎರಡು ದೊಡ್ಡ ಆ್ಯಪ್‌ಗಳ ನಡುವೆ ಓಡಾಡುವಾಗಲೇ ಮೊದಲಿನದು ಹೊರಬಿದ್ದಿರುತ್ತದೆ. ಅಲ್ಲಿ ಮುಚ್ಚುವುದಾಗಲಿ ಬಿಡುವುದಾಗಲಿ ಹೆಚ್ಚಿನ ವ್ಯತ್ಯಾಸ ತಾರದು, ಬೇಡದ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡುವುದೇ ಮೇಲು. ಇನ್ನು ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಅತಿಯಾಗಿ ಕೊಲ್ಲುತ್ತವೆ. ಸಂದೇಶಗಳು ತಡವಾಗಿ ಬರುತ್ತಿದ್ದರೆ, ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧವನ್ನು ತೆಗೆದು ನೋಡಿ.