ಯುವ ನಾಯಕ ಈ ಸಲವೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾ? ಅಳೆದು ನೋಡುವ ಬಗೆ

ಅಮೆರಿಕದಲ್ಲಿ ಒಂದು ಚುನಾವಣೆಯ ಬೋರ್ಡುಗಳನ್ನು ಅಂಗಳದಿಂದ ಕಿತ್ತು ಗ್ಯಾರೇಜಿಗೆ ಹಾಕುವ ಮುಂಚೆಯೇ ಮುಂದಿನದರ ಮಾತು ಶುರುವಾಗುತ್ತದೆ. ಕನ್ನಡ ಕೂಟದ ಊಟದ ಸಾಲಿನಲ್ಲೂ ಅದೇ. ಯಾರೋ ಒಬ್ಬ ಯುವ ಸೆನೆಟರ್ ಚೆನ್ನಾಗಿ ಮಾತಾಡಿದ ವಿಡಿಯೋ ಓಡಾಡುತ್ತಿರುತ್ತದೆ. ಗಾಳಿ ಬಂದಾಗ ತೂರಿಕೊಳ್ಳಲಿ ಅನ್ನುತ್ತಾರೆ ಒಬ್ಬರು. ಇನ್ನೂ ಎಳಸು, ನಾಲ್ಕು ವರ್ಷ ಕಾಯಲಿ ಅನ್ನುತ್ತಾರೆ ಇನ್ನೊಬ್ಬರು.

ನಾವಿರುವುದು ಅಯೋವಾದ ಡೆ ಮೊಯಿನ್ ಪಕ್ಕ. ದಶಕಗಳ ಕಾಲ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಮತ ಬೀಳುತ್ತಿದ್ದ ಜಾಗ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ನಮ್ಮಿಂದ ಆ ಪಟ್ಟ ಕಿತ್ತುಕೊಂಡಿತು. ರಿಪಬ್ಲಿಕನ್ನರು ಆಗಲೂ ಇಲ್ಲಿಂದಲೇ ಶುರು ಮಾಡಿದರು. ಎರಡೂ ಪಕ್ಷದವರ ಕೈ ಕುಲುಕಿ, ಭಾಷಣ ಕೇಳಿ, ನಾನು ಒಂದಿಷ್ಟು ಲೆಕ್ಕ ಕಟ್ಟಿಕೊಂಡಿದ್ದೇನೆ. ನಿಮ್ಮ ಮಗಳು ಯಾರದೋ ಪ್ರಚಾರಕ್ಕೆ ಕಾಲೇಜು ಬಿಟ್ಟು ಹೋಗುತ್ತೇನೆ ಅಂದಾಗ, ಇಲ್ಲವೇ ಇಪ್ಪತ್ತೈದು ಡಾಲರ್ ಕೊಡಿ ಅಂತ ಮೆಸೇಜ್ ಬಂದಾಗ ಉಪಯೋಗಕ್ಕೆ ಬರಬಹುದು.

ಮೊದಲು ಕಾನೂನು ನೋಡಿ

ಇದು ಬೇಗ ಮುಗಿಯುವ ಕೆಲಸ. ವಯಸ್ಸು 35 ಆಗಿರಬೇಕು. ಅಮೆರಿಕದಲ್ಲಿ 14 ವರ್ಷ ವಾಸವಿರಬೇಕು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು. ನಮ್ಮ ಮಂಡ್ಯ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ದೇಶದ ಸರ್ಜನ್ ಜನರಲ್ ಆದರು, ಆದರೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರನ್ನು ಅಧ್ಯಕ್ಷ ಮಾಡುವ ಆಸೆ ಇದ್ದವರು ಇಲ್ಲಿಗೇ ಬಿಡಬೇಕು.

ಆಮೇಲೆ ಆ ನಾಯಕನ ರಾಜ್ಯದ ಕಾನೂನು. ಇದನ್ನು ಜನ ಮರೆಯುತ್ತಾರೆ. ಕೆಂಟಕಿಯಲ್ಲಿ ಒಂದೇ ಮತಪತ್ರದಲ್ಲಿ ಒಬ್ಬರ ಹೆಸರು ಎರಡು ಹುದ್ದೆಗೆ ಬರುವ ಹಾಗಿಲ್ಲ. 2016ರಲ್ಲಿ ಸೆನೆಟರ್ ರ‍್ಯಾಂಡ್ ಪಾಲ್‌ಗೆ ಸೆನೆಟ್ ಸೀಟೂ ಬೇಕಿತ್ತು, ಅಧ್ಯಕ್ಷ ಸ್ಥಾನವೂ ಬೇಕಿತ್ತು. ಅವರಿಗೋಸ್ಕರ ಅಲ್ಲಿನ ರಿಪಬ್ಲಿಕನ್ ಪಕ್ಷ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಮತಪತ್ರದಲ್ಲಿ ಆರಿಸುವ ಚುನಾವಣೆ) ಬಿಟ್ಟು ಕಾಕಸ್ (ಪಕ್ಷದವರು ಸಭೆ ಸೇರಿ ಆರಿಸುವುದು) ಇಟ್ಟಿತು. ಆ ದಿನ ಬರುವಷ್ಟರಲ್ಲಿ ಅವರೇ ಕಣದಲ್ಲಿರಲಿಲ್ಲ!

ಅನುಭವದ ವರ್ಷ ಎಣಿಸಬೇಡಿ, ಹಾಕಿದ ಮತ ಎಣಿಸಿ

ಎಲ್ಲರೂ ಎಡವುವುದು ಇಲ್ಲೇ. "ಸೆನೆಟ್‌ನಲ್ಲಿ ಎರಡೇ ವರ್ಷ ಆಗಿದೆ, ಇನ್ನೊಂದು ಅವಧಿ ಮುಗಿಸಲಿ" ಅನ್ನುವುದು ಕೇಳೋಕೆ ಹಿರಿಯರ ಮಾತಿನ ಹಾಗೆ ಚೆನ್ನಾಗಿರುತ್ತದೆ. ಆದರೆ ಕಾಯುವುದು ಪುಕ್ಕಟೆ ಅಲ್ಲ. ಒಂದೊಂದು ವರ್ಷಕ್ಕೂ ನೂರಾರು ಮತ ಹಾಕಬೇಕು, ಅದರಲ್ಲಿ ಯಾವುದೋ ಒಂದು ಮುಂದೆ ಕುತ್ತಿಗೆಗೆ ಬರುತ್ತದೆ.

ಒಬಾಮಾ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ದಿನಾಂಕಗಳನ್ನು ಸ್ವಲ್ಪ ನೋಡಿ. 2002ರ ಅಕ್ಟೋಬರ್ 2ರಂದು ಶಿಕಾಗೋದಲ್ಲಿ ಇರಾಕ್ ಯುದ್ಧದ ವಿರುದ್ಧ ಒಂದು ಸಭೆ. ಅಲ್ಲಿ ಮಾತಾಡಿದಾಗ ಒಬಾಮಾ ಬರೀ ಇಲಿನಾಯ್ ರಾಜ್ಯದ ಶಾಸನಸಭೆಯ ಸೆನೆಟರ್. ವಾಷಿಂಗ್ಟನ್ನಿನಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ತಿಂಗಳು ವಾಷಿಂಗ್ಟನ್ನಿನ ಸೆನೆಟ್ 77-23 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್, ಜೋ ಬೈಡನ್, ಕ್ರಿಸ್ ಡಾಡ್ ನಾಲ್ವರೂ ಹೌದು ಅಂದರು. 2008ಕ್ಕೆ ಡೆಮಾಕ್ರಟಿಕ್ ಟಿಕೆಟ್‌ಗೆ ಈ ನಾಲ್ವರೂ ಒಬಾಮಾ ಎದುರು ನಿಂತಿದ್ದರು. ಅಷ್ಟು ಹೊತ್ತಿಗೆ ಯುದ್ಧ ಯಾರಿಗೂ ಬೇಡವಾಗಿತ್ತು. ಅನುಭವಸ್ಥರೆಲ್ಲ ಆ ಮತಕ್ಕೆ ಸಮಜಾಯಿಷಿ ಕೊಡುತ್ತಾ ಊರೂರು ತಿರುಗಿದರು. ಎಳಸು ಅನ್ನಿಸಿಕೊಂಡವನಿಗೆ ಆ ಹೊರೆಯೇ ಇರಲಿಲ್ಲ. ಹಿಂದೆ ಸೆನೆಟ್ ನಾಯಕರಾಗಿದ್ದ ಟಾಮ್ ಡ್ಯಾಶಲ್ ಒಬಾಮಾಗೆ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ: ಇನ್ನೊಂದು ಅವಕಾಶ ಸಿಕ್ಕೇ ಸಿಗುತ್ತೆ ಅಂತ ತಿಳಿಯಬೇಡ.

ಹಾಗಾಗಿ ಕೆಲಸ ಏನಪ್ಪಾ ಅಂದರೆ, ಈಗ ಜನರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ವಿಷಯ ಒಂದನ್ನು ಹಿಡಿಯಿರಿ. ಆ ವಿಷಯದಲ್ಲಿ ಈ ಯುವಕ ಅಥವಾ ಯುವತಿ ಯಾವಾಗ, ಏನು ಹೇಳಿದ್ದರು ಅಂತ ಹುಡುಕಿ. ಉಳಿದವರು ಸುಮ್ಮನಿದ್ದಾಗ ಹೇಳಿದ್ದರೆ ಲೆಕ್ಕಕ್ಕೆ ತಗೊಳ್ಳಿ. ಎಲ್ಲರೂ ಹೇಳಿದ ಮೇಲೆ ಹೇಳಿದ್ದರೆ ಬಿಟ್ಟುಬಿಡಿ.

ಕಣದಲ್ಲಿ ಜಾಗ ಇದೆಯಾ?

1991ರ ಮಾರ್ಚಿನಲ್ಲಿ, ಕೊಲ್ಲಿ ಯುದ್ಧ ಮುಗಿದಾಗ, ರಿಪಬ್ಲಿಕನ್ ಅಧ್ಯಕ್ಷ ಸೀನಿಯರ್ ಬುಷ್ ಜನಪ್ರಿಯತೆ ಶೇಕಡಾ 90ರ ಹತ್ತಿರ ಇತ್ತು. ಡೆಮಾಕ್ರಟಿಕ್ ಪಕ್ಷದ ದೊಡ್ಡ ತಲೆಗಳು ಹಿಂದೆ ಸರಿದವು. ನ್ಯೂಯಾರ್ಕ್ ಗವರ್ನರ್ ಮಾರಿಯೋ ಕ್ವೋಮೋ ಡಿಸೆಂಬರಿನ ತನಕ ಎಳೆದಾಡಿದರು. ಮೊದಲ ಪ್ರೈಮರಿ ನಡೆಯುತ್ತಿದ್ದ ನ್ಯೂ ಹ್ಯಾಂಪ್‌ಶೈರಿಗೆ ಹೋಗಿ ಅರ್ಜಿ ಹಾಕಲು ಆಲ್ಬನಿಯಲ್ಲಿ ವಿಮಾನ ಸಿದ್ಧವಾಗಿ ನಿಂತಿತ್ತು. ಅವರು ಹತ್ತಲೇ ಇಲ್ಲ. ಆ ಖಾಲಿ ಜಾಗದಲ್ಲಿ ಅರ್ಕನ್ಸಾಸ್‌ನಂಥ ಸಣ್ಣ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್ ನುಗ್ಗಿದರು. ಅಧ್ಯಕ್ಷರಾದಾಗ ವಯಸ್ಸು 46.

ಇದೇ ಕ್ಲಿಂಟನ್ 1987ರಲ್ಲಿ ನಿಲ್ಲುವುದಿಲ್ಲ ಅಂದಿದ್ದರು. ಮಗಳಿಗೆ ಆಗ ಏಳು ವರ್ಷ, ಅದನ್ನೇ ಕಾರಣವಾಗಿ ಹೇಳಿದರು. ಅಂದರೆ ಕಾಯುವುದು ಯಾವಾಗಲೂ ತಪ್ಪು ಅಂತಲ್ಲ.

ಆದರೆ ಕ್ರಿಸ್ ಕ್ರಿಸ್ಟಿಯನ್ನು ನೋಡಿ. 2011ರಲ್ಲಿ ರಿಪಬ್ಲಿಕನ್ ಪಕ್ಷದ ಹಣವಂತರೆಲ್ಲ ನ್ಯೂಜೆರ್ಸಿಯ ಈ ಗವರ್ನರನ್ನು ನಿಲ್ಲಿ, ನಿಲ್ಲಿ ಅಂತ ದುಂಬಾಲು ಬಿದ್ದರು. ಅಕ್ಟೋಬರಿನಲ್ಲಿ ಅವರು ಇದು ನನ್ನ ಸಮಯ ಅಲ್ಲ ಅಂದರು. 2013ರಲ್ಲಿ ಅವರ ಕಡೆಯವರೇ ಜಾರ್ಜ್ ವಾಷಿಂಗ್ಟನ್ ಸೇತುವೆಯ ದಾರಿ ಮುಚ್ಚಿಸಿ ಟ್ರಾಫಿಕ್ ಜಾಮ್ ಮಾಡಿಸಿದ ಹಗರಣ ಬಂತು. 2016ರಲ್ಲಿ ನಿಂತಾಗ ನ್ಯೂ ಹ್ಯಾಂಪ್‌ಶೈರಿನಲ್ಲಿ ಆರನೇ ಸ್ಥಾನ. 2011ರಲ್ಲಿ ಬಾ ಅಂದ ಬಾಗಿಲು 2016ಕ್ಕೆ ಮುಚ್ಚಿತ್ತು.

ನಾನು ಮಾಡುವುದು ಇಷ್ಟೇ. ಒಂದು ಹಾಳೆಯಲ್ಲಿ ನಿಲ್ಲಬಹುದಾದವರ ಹೆಸರೆಲ್ಲ ಬರೆಯುತ್ತೇನೆ. ಯಾರ ಮತದಾರರು ಯಾರ ಕಡೆ ಜಾರಬಹುದು ಅಂತ ಗೆರೆ ಎಳೆಯುತ್ತೇನೆ. ನಮ್ಮ ನಾಯಕನ ಥರದವರೇ ಇನ್ನೂ ಮೂವರಿದ್ದರೆ ಈ ಸಲ ಕಷ್ಟ.

ಯಾಕೆ ನಿಲ್ಲುತ್ತೀಯಾ ಅಂತ ಕೇಳಿ

1979ರಲ್ಲಿ ಟೆಡ್ ಕೆನಡಿಗೆ ವಯಸ್ಸು 47, ಮನೆತನದ ಹೆಸರು, ಹಣ, ಎಲ್ಲ ಇತ್ತು. ಟಿವಿಯಲ್ಲಿ ರೋಜರ್ ಮಡ್ ಒಂದು ಸರಳ ಪ್ರಶ್ನೆ ಕೇಳಿದರು: ಅಧ್ಯಕ್ಷ ಯಾಕಾಗಬೇಕು? ಕೆನಡಿ ತಡಬಡಾಯಿಸಿದರು. ದೇಶದ ಸಂಪನ್ಮೂಲ, ಜನರ ಶಕ್ತಿ ಅಂತ ಏನೇನೋ ಸುತ್ತಾಡಿದರು. ಮುಂದೆ ಆಗ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಎದುರು ಪಕ್ಷದ ಟಿಕೆಟ್ ಸಿಗಲಿಲ್ಲ.

ನೀವೂ ಕೇಳಬಹುದು. ಲೈಬ್ರರಿ ಹಾಲು, ಕಾಫಿ ಅಂಗಡಿ, ಚರ್ಚಿನ ನೆಲಮಾಳಿಗೆಯ ಸಭೆಗಳಿಗೆ ಹೋಗಿ. ಭಾಷಣ ಕೇಳಲು ಅಲ್ಲ, ಪ್ರಶ್ನೋತ್ತರಕ್ಕೆ. ನಮ್ಮ ಕಡೆ ರಕೂನ್ ನದಿಯ ನೀರಲ್ಲಿ ನೈಟ್ರೇಟ್ ದೊಡ್ಡ ತಲೆನೋವು. ಹೊಲಕ್ಕೆ ಹಾಕಿದ ಗೊಬ್ಬರ ಹರಿದು ನದಿಗೆ ಸೇರುತ್ತದೆ, ಅದೇ ನದಿಯಿಂದ ನಮ್ಮ ನಲ್ಲಿಗೆ ಬರುತ್ತದೆ. ಒಂದು ಸಭೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು ಇದನ್ನು ಕೇಳಿದರು. ವೇದಿಕೆಯಲ್ಲಿದ್ದ ಯುವ ಅಭ್ಯರ್ಥಿ ಹವಾಮಾನ ಬದಲಾವಣೆಯ ಬಗ್ಗೆ ಬಾಯಿಪಾಠದ ಉತ್ತರ ಕೊಟ್ಟರು. ಹೆಂಗಸು ನಿಂತೇ ಇದ್ದರು. "ನಾನು ಕೇಳಿದ್ದು ನಲ್ಲಿ ನೀರಿನ ಬಗ್ಗೆ" ಅಂದರು. ಮೈಕ್ ಆಗಲೇ ಮುಂದಿನವರ ಕೈಗೆ ಹೋಗಿತ್ತು. ಹೊರಗೆ ಬರುವಾಗ ನಮ್ಮ ಮನೆಯವರು, "ಇವರಿಗೆ ಇನ್ನೂ ಎಂಟು ವರ್ಷ ಬೇಕು" ಅಂದರು. ವಯಸ್ಸಿಗೂ ಆ ಮಾತಿಗೂ ಸಂಬಂಧ ಇರಲಿಲ್ಲ. ಗೊತ್ತಿಲ್ಲದ್ದನ್ನು ತಿರುಗಿ ಕೇಳುವಷ್ಟು ತಾಳ್ಮೆ ಇದೆಯಾ ಅನ್ನುವುದೇ ನನ್ನ ಪರೀಕ್ಷೆ.

ಹಣ: ಮೊದಲ ದಿನದ ಅಬ್ಬರ ನಂಬಬೇಡಿ

2019ರ ಮಾರ್ಚಿನಲ್ಲಿ ಟೆಕ್ಸಸ್‌ನ ಯುವ ನಾಯಕ ಬೆಟೊ ಓರೂರ್ಕ್ ಕಣಕ್ಕಿಳಿದ 24 ಗಂಟೆಯಲ್ಲಿ 61 ಲಕ್ಷ ಡಾಲರ್ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತೇವಲ್ಲ, ಪತ್ರಿಕೆಗಳು ಹಾಗೆ ಹೊಲಿಸಿದವು. ನವೆಂಬರ್ 1ಕ್ಕೆ, ಒಂದೂ ಮತ ಬೀಳುವ ಮುಂಚೆ, ಅವರು ಕಣ ಬಿಟ್ಟರು.

ಫೆಡರಲ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಮೂರು ತಿಂಗಳಿಗೊಮ್ಮೆ, ಇಲ್ಲವೇ ತಿಂಗಳಿಗೊಮ್ಮೆ ಲೆಕ್ಕ ಬರುತ್ತದೆ. ಅಲ್ಲಿ ಒಟ್ಟು ಮೊತ್ತ ನೋಡಿ ಬೆರಗಾಗಬೇಡಿ. ಕೈಯಲ್ಲಿ ಎಷ್ಟು ಉಳಿದಿದೆ ನೋಡಿ. 200 ಡಾಲರಿಗಿಂತ ಕಮ್ಮಿ ಕೊಟ್ಟವರ ಪಾಲು ಎಷ್ಟು ನೋಡಿ. ಸಣ್ಣ ಮೊತ್ತ ಕೊಟ್ಟವರು ಮತ್ತೆ ಕೊಡಬಲ್ಲರು. ಮಿತಿಯಷ್ಟು ಒಂದೇ ಸಲ ಕೊಟ್ಟ ಶ್ರೀಮಂತರು ಕೊಡುವ ಹಾಗಿಲ್ಲ. 2007ರ ಮೊದಲ ಮೂರು ತಿಂಗಳಲ್ಲಿ ಒಬಾಮಾಗೆ ಸುಮಾರು 2.5 ಕೋಟಿ ಡಾಲರ್ ಬಂದಾಗ ಎಲ್ಲರೂ ಹುಬ್ಬೇರಿಸಿದ್ದು ಮೊತ್ತಕ್ಕಷ್ಟೇ ಅಲ್ಲ, ಒಂದು ಲಕ್ಷ ಜನ ಕೊಟ್ಟಿದ್ದಕ್ಕೆ.

ಎರಡನೇ ಆಯ್ಕೆಯಲ್ಲಿ ಹೆಸರಿದೆಯಾ?

2008ರ ಜನವರಿ 3ರ ರಾತ್ರಿ ನಮ್ಮ ಕಾಕಸ್ ನಡೆದದ್ದು ಸ್ಕೂಲಿನ ಊಟದ ಹಾಲಿನಲ್ಲಿ. ಕೋಟುಗಳ ರಾಶಿ, ಬೂಟಿನ ಹಿಮ ಕರಗಿ ನೆಲವೆಲ್ಲ ಒದ್ದೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಶೇಕಡಾ 15 ಜನ ಸೇರದ ಗುಂಪು ಕರಗಿ ಬೇರೆ ಕಡೆ ಹೋಗಬೇಕು. ಬೈಡನ್ ಬೋರ್ಡಿನ ಕೆಳಗೆ ನಾಲ್ಕಾರು ಜನ ಬೆಪ್ಪಾಗಿ ನಿಂತಿದ್ದರು. ಒಬಾಮಾ ಕಡೆಯ ಹೈಸ್ಕೂಲ್ ಹುಡುಗಿಯೊಬ್ಬಳು (ನವೆಂಬರಿಗೆ 18 ತುಂಬುವವರು ಕಾಕಸ್‌ಗೆ ಬರಬಹುದು) ಹೋಗಿ ಅವರ ಜೊತೆ ಮಾತಿಗೆ ನಿಂತಳು. ವಾದ ಮಾಡಲಿಲ್ಲ, ಬೈಡನ್ ನಿಮಗೆ ಯಾಕೆ ಇಷ್ಟ ಅಂತ ಕೇಳಿದಳು. ಇಬ್ಬರು ಅವಳ ಹಿಂದೆ ನಡೆದು ಬಂದರು. ನಿಮ್ಮ ಸುತ್ತ ಕೇಳಿ ನೋಡಿ: ನಿಮ್ಮವರು ನಿಲ್ಲದಿದ್ದರೆ ಯಾರು? ಆ ಉತ್ತರದಲ್ಲಿ ನಿಮ್ಮ ಯುವ ನಾಯಕನ ಹೆಸರು ಪದೇ ಪದೇ ಬಂದರೆ ನಿಲ್ಲಲಿ.

ಸೋತರೆ ಎಲ್ಲಿಗೆ?

ಪೀಟ್ ಬೂಟಜೆಜ್ ಒಂದು ಲಕ್ಷ ಜನರ ಊರಿನ ಮೇಯರ್ ಆಗಿದ್ದವರು, 2020ರ ಮಾರ್ಚ್ 1ಕ್ಕೆ ಸರಿಯಾದ ಹೊತ್ತಿಗೆ ಕಣ ಬಿಟ್ಟರು, ಸಾರಿಗೆ ಮಂತ್ರಿಯಾದರು. ಕಮಲಾ ಹ್ಯಾರಿಸ್ 2019ರಲ್ಲೇ ಹೊರಬಿದ್ದು ಉಪಾಧ್ಯಕ್ಷೆಯಾದರು. ರಿಪಬ್ಲಿಕನ್ ಸೆನೆಟರ್ ಮಾರ್ಕೊ ರುಬಿಯೊ 2016ರಲ್ಲಿ ಸ್ವಂತ ರಾಜ್ಯ ಫ್ಲಾರಿಡಾದಲ್ಲೇ ಸೋತು, 2025ರಲ್ಲಿ ವಿದೇಶಾಂಗ ಮಂತ್ರಿಯಾದರು. ಓರೂರ್ಕ್ ಮಾತ್ರ 2019ರ ಚರ್ಚೆಯಲ್ಲಿ ಬಂದೂಕು ಕಿತ್ತುಕೊಳ್ಳುತ್ತೇವೆ ಅಂದುಬಿಟ್ಟರು. ಟೆಕ್ಸಸ್‌ನಲ್ಲಿ ಅದನ್ನು ಯಾರೂ ಮರೆಯಲಿಲ್ಲ, 2022ರಲ್ಲಿ ಗವರ್ನರ್ ಚುನಾವಣೆಯನ್ನೂ ಸೋತರು. ಪಕ್ಷದೊಳಗೆ ಗೆಲ್ಲಲು ಹೇಳುವ ಮಾತು ಊರಿಗೆ ವಾಪಸ್ ಹೋಗಲು ಬಿಡುತ್ತದಾ ಅಂತ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ದುಡ್ಡು ಕೊಡಬೇಕು ಅನ್ನಿಸಿದರೆ ಎರಡು ವಿಷಯ. ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇದ್ದವರು ಮಾತ್ರ ಕೊಡಬಹುದು. ಎಚ್-1ಬಿಯವರು ಕೊಡುವ ಹಾಗಿಲ್ಲ, ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಮತ್ತೆ, ಬಟನ್ ಒತ್ತುವ ಮುಂಚೆ "ಪ್ರತಿ ತಿಂಗಳೂ ಕೊಡಿ" ಅನ್ನುವ ಚೌಕದಲ್ಲಿ ಟಿಕ್ ಇದೆಯಾ ನೋಡಿ. ಇದ್ದರೆ ತೆಗೆಯಿರಿ.