ಬಯಾಲಜಿ ಓದುವ ಮೊಮ್ಮಗಳೂ ನಮ್ಮ ಅಡುಗೆಮನೆಯೂ

ಮಳೆಗಾಲ ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಒಂದೇ ದೂರು, ದೋಸೆ ಹಿಟ್ಟು ಹುಳಿ ಬಂದಿಲ್ಲ ಅಂತ. ಕೆಲವರು ಅವಸರಕ್ಕೆ ಸೋಡಾ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ಹಿಟ್ಟಿಗೆ ಬೆಚ್ಚಗಿನ ಜಾಗ ಸಿಕ್ಕರೆ ಸಾಕು. ಬಿ.ಎಸ್ಸಿ. ಓದುತ್ತಿರುವ ನನ್ನ ಮೊಮ್ಮಗಳು ಇದರ ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳಿದಳು. ಉದ್ದಿನಬೇಳೆಯಲ್ಲೇ ಲ್ಯೂಕೋನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ಹಿಟ್ಟಿನ ಸಕ್ಕರೆ ಅಂಶ ತಿಂದು ಹುಳಿಯನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಉಬ್ಬುತ್ತದೆ. ಚಳಿಯಲ್ಲಿ ಈ ಬ್ಯಾಕ್ಟೀರಿಯಾ ನಿಧಾನ.

ಇಷ್ಟು ಗೊತ್ತಾದರೆ ಉಪಾಯ ತಾನಾಗಿ ಹೊಳೆಯುತ್ತದೆ. ಉದ್ದನ್ನು ನೆನೆಹಾಕುವ ಮೊದಲೇ ತೊಳೆಯಿರಿ, ನೆಂದ ಮೇಲೆ ಮತ್ತೆ ಮತ್ತೆ ತೊಳೆಯಬೇಡಿ. ನೆನೆಸಿದ ನೀರನ್ನೇ ಹಾಕಿ ರುಬ್ಬಿ. ಉದ್ದು ನೊರೆನೊರೆಯಾಗಿ ಹಗುರಾಗಬೇಕು. ಪಾತ್ರೆ ಅರ್ಧ ಮಾತ್ರ ತುಂಬಿಸಿ, ಬಟ್ಟೆ ಸುತ್ತಿ ಒಲೆಯ ಪಕ್ಕ ಇಡಿ. ಉಪ್ಪು ಜಾಸ್ತಿಯಾದರೆ ಬ್ಯಾಕ್ಟೀರಿಯಾ ತಡವಾಗಿ ಬೆಳೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಬೆಳಿಗ್ಗೆ ಹೊಯ್ಯುವ ಮುಂಚೆ ಉಪ್ಪು ಹಾಕಿ. ಬೇಸಿಗೆಯಲ್ಲಿ ರುಬ್ಬಿದ ಕೂಡಲೇ ಹಾಕಿ, ಹುಳಿ ಮಿತಿಮೀರುವುದಿಲ್ಲ. ಒಂದೇ ಉಪ್ಪು, ಆದರೆ ಕಾಲ ನೋಡಿ ಹಾಕಬೇಕು ಅಷ್ಟೆ.

ಮೊಸರಿಗೆ ಹೆಪ್ಪು ಹಾಕುವುದೂ ಇದೇ ಲೆಕ್ಕ. ಹಾಲು ಚೆನ್ನಾಗಿ ಕುದಿಯಲಿ, ಮೊಸರು ಗಟ್ಟಿಯಾಗುತ್ತದೆ. ಆಮೇಲೆ ಬೆರಳು ಅದ್ದಿದರೆ ತಡೆಯುವಷ್ಟು ಬೆಚ್ಚಗಿರುವಾಗ ಹೆಪ್ಪು ಹಾಕಿ. ಮೊಮ್ಮಗಳು ಹೇಳುವ ಪ್ರಕಾರ ಅದು ಸುಮಾರು 40ರಿಂದ 45 ಡಿಗ್ರಿ. ಕುದಿಯುವ ಹಾಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ, ತಣ್ಣಗಾದ ಹಾಲಿಗೆ ಹಾಕಿದರೆ ಬೆಳಗಾದರೂ ಹೆಪ್ಪುಗಟ್ಟುವುದಿಲ್ಲ.

ಇನ್ನು ಕೆಸುವಿನ ಸೊಪ್ಪು. ಪತ್ರೊಡೆ ಇಲ್ಲದ ಆಷಾಢ ನಮ್ಮ ಕಡೆ ಉಂಟೇ? ಆದರೆ ಕೈ ತುರಿಸುತ್ತದೆ, ಗಂಟಲು ಕೆರೆಯುತ್ತದೆ ಅಂತ ಈಗಿನ ಹೆಣ್ಣುಮಕ್ಕಳು ಅದರ ಹತ್ತಿರವೇ ಹೋಗುವುದಿಲ್ಲ. ಮೊಮ್ಮಗಳು ಕಾಲೇಜಿನಲ್ಲಿ ಈ ಎಲೆಯ ತೆಳು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾಳೆ. ಕೋಶದೊಳಗೆ ಗಾಜಿನ ಸೂಜಿಗಳನ್ನು ಕಟ್ಟುಕಟ್ಟಾಗಿ ಜೋಡಿಸಿದ ಹಾಗೆ ಕಾಣುತ್ತದಂತೆ. ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಅವು. ಎಲೆ ಜಜ್ಜಿದರೆ, ಅಗಿದರೆ, ಆ ಸೂಜಿಗಳು ಹೊರಬಂದು ಚುಚ್ಚುತ್ತವೆ. ಗಿಡ ತನ್ನನ್ನು ಕಾಪಾಡಿಕೊಳ್ಳುವ ರೀತಿ ಅದು. ಸುವರ್ಣಗೆಡ್ಡೆಯಲ್ಲೂ ಇವೇ ಇರುತ್ತವೆ. ನಾವು ಮಾಡಬೇಕಾದ್ದು ಇಷ್ಟು. ಒಣಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಲೆ ಹೆಚ್ಚಿ. ದಪ್ಪ ನಾರು, ತೊಟ್ಟು ತೆಗೆಯಿರಿ. ಹಿಟ್ಟಿಗೆ ಹುಣಸೆಹುಳಿ ಸ್ವಲ್ಪ ಮುಂದಾಗಿಯೇ ಇರಲಿ. ಹಬೆಯಲ್ಲಿ ಬೇಯಿಸಲು ಅವಸರ ಬೇಡ, ಅರೆಬೆಂದ ಪತ್ರೊಡೆಯೇ ಗಂಟಲು ಹಿಡಿಯುವುದು. ಯಾವ ಕೆಸು ತಿನ್ನುವಂಥದ್ದು ಅನ್ನುವುದನ್ನು ಮಾತ್ರ ತಿಳಿದವರ ಹತ್ತಿರ ಕೇಳಿಕೊಂಡೇ ಕೊಯ್ಯಿರಿ.

ಬಾಳೆದಿಂಡು ಹೆಚ್ಚುವಾಗ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾವು ಬಾಳೆಯ ಕಂಬ ಅನ್ನುವುದು ನಿಜವಾದ ಕಾಂಡವೇ ಅಲ್ಲ, ಎಲೆಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡದ್ದು. ಒಳಗಿರುವ ಬೆಳ್ಳನೆಯ ದಿಂಡು ಗೊನೆಯನ್ನು ಹೊತ್ತು ಮೇಲೆ ಬರುವ ಕಾಂಡ. ತೆಳ್ಳಗೆ ಬಿಲ್ಲೆ ಹೆಚ್ಚಿ, ಪ್ರತಿ ಬಿಲ್ಲೆ ಎತ್ತುವಾಗ ಎಳೆ ಬರುತ್ತದಲ್ಲ, ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಿ. ಪಲ್ಯದಲ್ಲಿ ನಾರು ಬಾಯಿಗೆ ಸಿಗುವುದಿಲ್ಲ. ಹೆಚ್ಚಿದ್ದನ್ನು ಆಗಿಂದಾಗಲೇ ಮಜ್ಜಿಗೆ ನೀರಿಗೆ ಹಾಕಿ. ಬಾಳೆಕಾಯಿ, ಬದನೆಕಾಯಿಗೂ ಹೀಗೇ. ಚಾಕು ತಾಗಿದಾಗ ಕೋಶ ಒಡೆದು ಒಳಗಿನ ಎಂಜೈಮ್ ಗಾಳಿಯ ಜೊತೆ ಸೇರಿ ಕಪ್ಪಾಗಿಸುತ್ತದೆ. ಮಜ್ಜಿಗೆಯ ಹುಳಿ ಆ ಎಂಜೈಮನ್ನು ಕಟ್ಟಿಹಾಕುತ್ತದೆ. ಅಮ್ಮಂದಿರು ಕಾಲೇಜಿಗೆ ಹೋಗದೆಯೇ ಇದನ್ನು ಕಂಡುಕೊಂಡಿದ್ದರು ಅಂದರೆ ನನಗೆ ಈಗಲೂ ಹೆಮ್ಮೆ.

ಹೆಸರುಕಾಳು ಮೊಳಕೆ ಕಟ್ಟುವಾಗ ನೀರು ಪೂರ್ತಿ ಬಸಿದಿರಬೇಕು, ಗಂಟು ಬಿಗಿಯಾಗಿರಬಾರದು. ಕಾಳೂ ಉಸಿರಾಡುತ್ತದೆ. ನೀರಿನಲ್ಲೇ ಬಿಟ್ಟರೆ ಉಸಿರುಗಟ್ಟಿ ಕೊಳೆಯುತ್ತದೆ. ಮೊಳಕೆ ಒಡೆಯುವ ಹೊತ್ತಿಗೆ ಗಂಟಿನೊಳಗೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಆ ಬಿಸಿ ಕಾಳಿನ ಉಸಿರಾಟದ್ದು. ಪುಸ್ತಕದಲ್ಲಿ ಓದಿ ಮರೆಯುವ ಪಾಠ ಹೀಗೆ ಕೈಗೆ ತಾಗಿದರೆ ಮರೆಯುವುದಿಲ್ಲ. ಅದಕ್ಕೇ ನಾನು ಹೇಳುವುದು, ಪರೀಕ್ಷೆ ಇದೆ ಅಂತ ಮಕ್ಕಳನ್ನು ಅಡುಗೆಮನೆಯಿಂದ ದೂರ ಇಡಬೇಡಿ. ಅವರು "ಯಾಕೆ ಅಜ್ಜಿ?" ಅಂದರೆ ಸುಮ್ನೆ ಗದರಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಡ್ರಮ್. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಅದು ಮೊಟ್ಟೆ ಇಡುವುದು ನಮ್ಮ ಮನೆಯ ನಿಂತ ನೀರಿನಲ್ಲಿ. ಡ್ರಮ್ಮಿನ ನೀರಿಗೆ ಟಾರ್ಚ್ ಬಿಟ್ಟು ನೋಡಿ. ಸಣ್ಣ ಹುಳಗಳು ಬಾಲ ಮೇಲೆ, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದರೆ ಅವೇ ಸೊಳ್ಳೆಯ ಮರಿಗಳು. ಬಾಲದ ತುದಿಯ ಕೊಳವೆಯಿಂದ ಉಸಿರಾಡಲು ನೀರಿನ ಮೇಲ್ಪದರಕ್ಕೆ ಬಂದಿರುತ್ತವೆ. ನೆರಳು ಬಿದ್ದರೆ ಸಾಕು, ಕೊಂಕುತ್ತಾ ತಳಕ್ಕೆ ಓಡುತ್ತವೆ.

ನೀರು ಚೆಲ್ಲಿದರೆ ಆಯಿತು ಅಂದುಕೊಳ್ಳುವವರೇ ಜಾಸ್ತಿ. ಆಗುವುದಿಲ್ಲ. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿಕೊಂಡಿರುತ್ತವೆ. ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ಬ್ರಷ್‌ನಿಂದ ಗೋಡೆ ಗಟ್ಟಿಯಾಗಿ ತಿಕ್ಕಿ ತೊಳೆಯಿರಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅದಕ್ಕೇ ವಾರ ತಪ್ಪಿಸಬಾರದು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಇವನ್ನೂ ನೋಡಿ. ಹಾಳೆಯಲ್ಲಿ ಒಂದು ಬೊಗಸೆ ನೀರು ನಿಂತರೂ ಸೊಳ್ಳೆಗೆ ಸಾಕು.

ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಿ, ಮರಿಗಳನ್ನು ತಿಂದುಹಾಕುತ್ತದೆ. ಮೀನು ಇರುವ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಮೀನು ಹೆಚ್ಚಾಯಿತು ಅಂತ ಹಳ್ಳಕ್ಕೋ ಕೆರೆಗೋ ಬಿಡಲೂಬೇಡಿ. ಅದು ನಮ್ಮ ನೆಲದ ಮೀನಲ್ಲ, ಇಲ್ಲಿನ ಮೀನುಗಳ ಪಾಲಿಗೆ ಕಂಟಕ ಅಂತ ಮೊಮ್ಮಗಳು ಖಡಾಖಂಡಿತವಾಗಿ ಹೇಳಿದ್ದಾಳೆ. ಬೇಕಾದ ಅಕ್ಕಪಕ್ಕದ ಮನೆಯವರಿಗೆ ಒಂದು ಬಾಟಲಿಯಲ್ಲಿ ಹಾಕಿ ಕೊಡಿ.